ಅರಸೀಕೆರೆಯ ಕಲ್ಲು

ಸುಮಲತಾ ಸುಳ್ಳು ಹೇಳುವ ಹೆಂಗಸಲ್ಲ. ಕೊಟ್ಟೂರಿನಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ. ಸಣ್ಣವಳಿದ್ದಾಗ ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂತು, ಬೇಳೆಯಲ್ಲಿ ಹರಳು ಬಹಳ ಇವೆ ಎಂದು ಗಿರಾಕಿಗೆ ತಾನೇ ಹೇಳಿ ಕಳಿಸಿ ಅಪ್ಪನಿಂದ ಬೈಸಿಕೊಂಡವಳು ಅವಳು. ಅಂಥವಳು ದೊಡ್ಡವಳಾಗಿ, ಒಂದೂ ಸುಳ್ಳು ಹೇಳದೆ, ಬರೀ ಬಾಯಿ ಮುಚ್ಚಿಕೊಂಡು ನಿಂತು ಒಬ್ಬ ಹುಡುಗಿಯ ಬಾಳಿಗೆ ಮಣ್ಣು ಹಾಕಿದಳು. ಅದು ಹೇಗಾಯಿತು ಅಂತ ಹೇಳುತ್ತೇನೆ.

ಹರಪನಹಳ್ಳಿಯ ಒಂದು ಕಾಲೇಜಿನಲ್ಲಿ ಗುರುಸಂಗಪ್ಪ ಅಂತ ಭೂವಿಜ್ಞಾನದ ಮೇಷ್ಟ್ರಿದ್ದರು. ಅವರಿಗೊಂದು ಹುಚ್ಚು. ಈ ಜೋಳದ ಹೊಲ, ಈ ಬಳ್ಳಾರಿ ಜಾಲಿ, ಈ ಉರಿಬಿಸಿಲು, ಇದೆಲ್ಲ ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತಲ್ಲ, ಅದು ಎಂಥ ಸಮುದ್ರ ಅಂತ ತಿಳಿಯಬೇಕು ಎನ್ನುವುದು. ಆಳದ್ದೋ, ಮೊಣಕಾಲುದ್ದ ನೀರಿನದ್ದೋ? ತೆರೆ ಬಡಿಯುತ್ತಿತ್ತೋ, ಕೆರೆಯ ಹಾಗೆ ಸುಮ್ಮನೆ ನಿಂತಿತ್ತೋ? ಇನ್ನೂರೈವತ್ತು ಕೋಟಿ ವರ್ಷದ ಹಿಂದಿನ ಮಾತು. ನೋಡಿದವರು ಯಾರೂ ಇಲ್ಲ. ಸಾಕ್ಷಿ ಹೇಳಬೇಕಾದದ್ದು ಆ ಸಮುದ್ರದಲ್ಲಿ ಕೂತು ಗಟ್ಟಿಯಾದ ಸುಣ್ಣದ ಕಲ್ಲು ಮಾತ್ರ.

ಕಲ್ಲಿನ ಬಾಯಿ ಬಿಡಿಸುವುದು ಸುಲಭದ ಕೆಲಸವಲ್ಲ. ಅದನ್ನು ಬಿಲ್ಲೆಯ ಹಾಗೆ ಕೊಯ್ದು, ಗಾಜಿನ ಪಟ್ಟಿಗೆ ಅಂಟಿಸಿ, ಸಾಣೆಪುಡಿಯಲ್ಲಿ ಉಜ್ಜಿ ಉಜ್ಜಿ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಮಾಡಬೇಕು. ಆಗ ಬೆಳಕು ಅದರೊಳಗೆ ಹಾಯುತ್ತದೆ. ಆ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಪಾಚಿಯಂಥ ಜೀವಿಗಳು ಪದರ ಪದರವಾಗಿ ಕೂತ ಗುರುತು ಕಂಡರೆ, ಅಲ್ಲಿ ನೀರು ತೆಳುವಾಗಿತ್ತು, ಬಿಸಿಲು ತಳ ಮುಟ್ಟುತ್ತಿತ್ತು ಅಂತ ಅರ್ಥ. ಪದರಗಳ ನಡುವೆ ಕೂದಲಿಗಿಂತ ಸಣ್ಣ ಎಳೆಗಳು ಸಿಕ್ಕರಂತೂ ಮುಗಿಯಿತು, ಅದು ಆ ಜೀವಿಯ ಮೈಯೇ. ಅಂಥ ಒಂದು ಎಳೆಗಾಗಿ ಮೇಷ್ಟ್ರು ಕೂದಲು ಬೆಳ್ಳಗೆ ಮಾಡಿಕೊಂಡಿದ್ದರು.

ಅವರ ಯೋಜನೆಯಲ್ಲಿ ಕೆಲಸಕ್ಕಿದ್ದವರು ಇಬ್ಬರು. ಹಿರಿಯವಳು ಸುಮಲತಾ. ಕಿರಿಯವಳು ಪ್ರಿಯಾ, ಕೂಡ್ಲಿಗಿ ತಾಲೂಕಿನ ಹೊಸಹಳ್ಳಿಯ ಹುಡುಗಿ. ಅವಳ ತಾಯಿ ಪಕ್ಕೀರಮ್ಮ ಅಂಗನವಾಡಿಯಲ್ಲಿ ಸಹಾಯಕಿ. ಅವರ ಕೇರಿಯಲ್ಲಿ ಎಂಎಸ್ಸಿ ಮಾಡಿದವಳು ಪ್ರಿಯಾ ಒಬ್ಬಳೇ. ಸ್ಲೈಡ್ ಉಜ್ಜುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಸುಮಲತಾ ಉಜ್ಜಿದರೆ ಎರಡಕ್ಕೊಂದು ಪುಡಿಯಾಗುತ್ತಿತ್ತು. ಪ್ರಿಯಾ ಏನೋ ಒಂದು ಹಾಡು ಗುನುಗುತ್ತ ಉಜ್ಜಿದರೆ ಕಲ್ಲು ಹೇಳಿದ ಮಾತು ಕೇಳುತ್ತಿತ್ತು. ‘ನಿನ್ನ ಕೈಯಾಗ ಏನ್ ಐತಿ ಮಾರಾಯ್ತಿ’ ಎಂದು ಸುಮಲತಾ ನಗುತ್ತಲೇ ಹೇಳುತ್ತಿದ್ದಳು. ಆ ನಗುವಿನಲ್ಲಿ ಒಂದು ಚಿಟಿಕೆ ಹುಳಿ ಇರುತ್ತಿತ್ತು, ಅದು ಅವಳಿಗೂ ಗೊತ್ತಿತ್ತು.

ತೊಂಬತ್ತೇಳರಲ್ಲಿ ಇನ್ನೊಂದು ತಮಾಷೆ ನಡೆಯಿತು. ಹರಪನಹಳ್ಳಿ ತಾಲೂಕನ್ನು ಬಳ್ಳಾರಿಯಿಂದ ಕಿತ್ತು ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದರು. ಅಲ್ಲಿಯವರೆಗೆ ಕಲ್ಲಿನ ಪ್ರತಿ ಚೀಲದ ಮೇಲೂ ಊರು, ತಾಲೂಕು, ಜಿಲ್ಲೆ ಬರೆಯುವ ಪದ್ಧತಿಯಿತ್ತು. ಹಳೆಯ ಚೀಲಗಳಲ್ಲಿ ಬಳ್ಳಾರಿ, ಹೊಸ ಚೀಲಗಳಲ್ಲಿ ದಾವಣಗೆರೆ ಆಗಿ ಕಪಾಟು ಗೊಂದಲದ ಗೂಡಾಯಿತು. ಮೇಷ್ಟ್ರಿಗೆ ತಲೆಕೆಟ್ಟು, ‘ಜಿಲ್ಲಾ ಗಿಲ್ಲಾ ಏನೂ ಬರೀಬ್ಯಾಡ್ರಿ. ಬರೇ ಊರ ಹೆಸರು ಸಾಕು. ನಮ್ಮ ಊರು ನಮಗ ಗೊತ್ತಿಲ್ಲೇನು?’ ಎಂದರು. ಅವತ್ತಿನಿಂದ ಚೀಲಗಳ ಮೇಲೆ ನೀಲಗುಂದ, ಅರಸೀಕೆರೆ, ಹೀಗೆ ತಾಲೂಕಿನ ಹಳ್ಳಿಗಳ ಬರೀ ಹೆಸರು ಉಳಿಯಿತು.

ಡಿಸೆಂಬರಿನ ಒಂದು ಮಧ್ಯಾಹ್ನ ಪ್ರಿಯಾ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಕರೆದಳು.

‘ಸುಮಕ್ಕ, ಇಲ್ಲಿ ಬರ್ರಿ. ನನಗ ಕಂಡಿದ್ದು ನಿಮಗೂ ಕಾಣ್ತೈತೇನ್ ನೋಡ್ರಿ.’

ಸುಮಲತಾ ಬಗ್ಗಿ ನೋಡಿದಳು. ಅಲೆ ಅಲೆಯಾದ ಪದರಗಳು, ಅವುಗಳ ನಡುವೆ ಒಂದಕ್ಕೊಂದು ತಳುಕು ಹಾಕಿಕೊಂಡ ಕಂದು ಎಳೆಗಳು. ಅವಳಿಗೆ ಮೈ ಜುಂ ಅಂದಿತು. ಎಂಥ ಹಳೆಯ ಬಿಸಿಲು ಕಾಯಿಸಿಕೊಂಡ ಜೀವಗಳು ಇವು ಅನ್ನಿಸಿತು. ಅದರ ಬೆನ್ನಿಗೇ, ಇದು ನನ್ನ ಕಣ್ಣಿಗೆ ಮೊದಲು ಬೀಳಬಾರದಿತ್ತೇ ಎಂದೂ ಅನ್ನಿಸಿತು.

‘ಯಾವ ಊರಿನ ಕಲ್ಲು?’

‘ಅರಸೀಕೆರಿದ್ರಿ.’

ಮೇಷ್ಟ್ರು ಆ ಸ್ಲೈಡ್ ನೋಡಿ ಕನ್ನಡಕ ಒರೆಸಿಕೊಂಡರು, ಮತ್ತೆ ನೋಡಿದರು, ಕಾಲೇಜಿನ ಎಲ್ಲರಿಗೂ ಪೇಢೆ ಹಂಚಿದರು. ಹೈದರಾಬಾದಿನ ದೊಡ್ಡ ಪ್ರಯೋಗಾಲಯವೊಂದರ ವಿಜ್ಞಾನಿಗೆ ಫೋನ್ ಹೋಯಿತು. ಅವರು ಫೆಬ್ರವರಿಯಲ್ಲಿ ಬಂದರು, ಸ್ಲೈಡ್ ನೋಡಿದರು, ತಲೆದೂಗಿದರು. ಸ್ಥಳ ನೋಡಿ ಖಾತ್ರಿಯಾದರೆ ಈ ಹುಡುಗಿಯನ್ನು ನಮ್ಮಲ್ಲಿಗೇ ಕಳಿಸಿಕೊಡಿ, ಫೆಲೋಶಿಪ್ ಕೊಡುತ್ತೇವೆ ಎಂದರು. ಅಂಥ ಒಂದು ಜಾಗಕ್ಕಾಗಿ ಸುಮಲತಾ ವರ್ಷಗಟ್ಟಲೆ ಅರ್ಜಿ ಹಾಕಿ ಹಾಕಿ ಸುಸ್ತಾಗಿದ್ದಳು. ‘ಬಾಳ ಚಲೋ ಆತು’ ಎಂದು ಪ್ರಿಯಾಳ ಕೈ ಹಿಡಿದು ಹೇಳಿದಳು. ನಾಲಿಗೆ ಹೇಳಿದ್ದನ್ನು ಮನಸ್ಸು ಹೇಳಲಿಲ್ಲ.

ಮರುದಿನ ಎಲ್ಲರೂ ಅರಸೀಕೆರೆಗೆ ಹೋದರು. ಜೀಪಿನ ಹಿಂದೆ ಕಾಲೇಜಿನ ಹುಡುಗರ ಟೆಂಪೋ. ಬಂಡೆ ಇದ್ದದ್ದು ಊರಾಚೆಯ ಹೊಲದಲ್ಲಿ. ಹೊಲದ ಒಡೆಯ ಮೈಲಪ್ಪ ಎಂಬಾತ ಮನೆಮಂದಿಯನ್ನೆಲ್ಲ ಕರೆತಂದು ನಿಲ್ಲಿಸಿದ್ದ. ಹೈದರಾಬಾದಿನವರು ಸುತ್ತಿಗೆ ಹಿಡಿದು ಇಲ್ಲಿ ಒಡೆದರು, ಅಲ್ಲಿ ಒಡೆದರು, ಮಸೂರ ಹಿಡಿದು ನೋಡಿದರು, ಆ್ಯಸಿಡ್ ಹನಿಸಿ ನೊರೆ ಬರುವುದನ್ನು ನೋಡಿದರು. ಬಿಸಿಲೇರಿತು. ಅವರ ಮುಖ ಬರಬರುತ್ತ ಬಿಗಿಯಾಯಿತು. ಕೊನೆಗೆ ಕರ್ಚೀಫಿನಿಂದ ಕೈ ಒರೆಸಿಕೊಂಡು ಮೆಲ್ಲಗೆ ಹೇಳಿದರು. ಈ ಬಂಡೆ ಭೂಮಿಯೊಳಗಿನ ಶಾಖಕ್ಕೆ ಬೆಂದು ಸಕ್ಕರೆ ಹರಳಿನಂತಾಗಿದೆ. ಇಷ್ಟು ಬೆಂದ ಕಲ್ಲಿನಲ್ಲಿ ಅಷ್ಟು ನವುರಾದ ಎಳೆ ಉಳಿಯುವುದಿಲ್ಲ. ಆ ಸ್ಲೈಡಿನ ಕಲ್ಲು ಇಲ್ಲಿನದಲ್ಲ.

ಎಲ್ಲೋ ಒಂದು ಪದರ ಬೇಯದೆ ಉಳಿದಿರಬೇಕು ಎಂದು ನಂಬಿಕೊಂಡಿದ್ದ ಮೇಷ್ಟ್ರ ಮುಖ ಕಪ್ಪಿಟ್ಟಿತು. ಪೇಢೆ ಹಂಚಿದ ಮನುಷ್ಯ ಪಾಪ. ಹುಡುಗರ ಮುಂದೆ, ಊರವರ ಮುಂದೆ, ಹೊರಗಿನ ದೊಡ್ಡವರ ಮುಂದೆ ಮಾನ ಹೋಯಿತು ಅನ್ನಿಸಿ, ಪ್ರಿಯಾಳ ಕಡೆ ತಿರುಗಿದರು.

‘ಎಲ್ಲಿಂದ ತಂದಿ ಆ ಕಲ್ಲು? ಖರೇ ಹೇಳು.’

‘ಕಪಾಟಿನಾಗಿಂದ ರೀ ಸರ್. ಚೀಲದ ಮ್ಯಾಲ ಅರಸೀಕೆರೆ ಅಂತ ಬರ್ದಿತ್ತು.’

 ಸುಮಲತಾಗೆ ದೀಪಾವಳಿ ನೆನಪಾಯಿತು. ಅವಳ ಅಕ್ಕ ಗೀತಾಂಜಲಿಯ ಗಂಡನಿಗೆ ರೈಲ್ವೆಯಲ್ಲಿ ಕೆಲಸ, ಹಾಸನ ಸೀಮೆಯ ಅರಸೀಕೆರೆ ಜಂಕ್ಷನ್ನಿನಲ್ಲಿ. ಹಬ್ಬಕ್ಕೆ ಹೋದಾಗ ಆ ಕಡೆಯ ಒಂದು ಗುಡ್ಡದ ಬುಡದಲ್ಲಿ ಪಟ್ಟೆಪಟ್ಟೆಯ ಬೂದು ಕಲ್ಲು ಕಂಡು, ಎಂದಾದರೂ ನೋಡಿದರಾಯಿತು ಎಂದು ಬ್ಯಾಗಿಗೆ ಹಾಕಿಕೊಂಡು ಬಂದಿದ್ದಳು. ಪ್ರಯೋಗಾಲಯದ ಚೀಲವೊಂದಕ್ಕೆ ತುಂಬಿ, ಮೇಷ್ಟ್ರ ಹೊಸ ಪದ್ಧತಿಯಂತೆ ಬರೀ ಊರ ಹೆಸರು ಬರೆದು, ಕಪಾಟಿಗೆ ತಳ್ಳಿ ಮರೆತಿದ್ದಳು. ಹರಪನಹಳ್ಳಿಯಲ್ಲಿ ಕೂತವರಿಗೆ ಅರಸೀಕೆರೆ ಎಂದರೆ ಒಂದೇ, ತಮ್ಮ ತಾಲೂಕಿನ ಈ ಹಳ್ಳಿ. ಪ್ರಿಯಾಗೂ ಅಷ್ಟೇ, ಮೇಷ್ಟ್ರಿಗೂ ಅಷ್ಟೇ. ‘ಅರಸೀಕೆರಿದ್ರಿ’ ಎಂದು ಪ್ರಿಯಾ ಅಂದಾಗ, ತಾನೇ ಕಲ್ಲು ತಂದಿಟ್ಟ ಸುಮಲತಾಗೂ ಇನ್ನೊಂದು ಅರಸೀಕೆರೆ ಹೊಳೆದಿರಲಿಲ್ಲ.

ಈಗ ಹೊಳೆಯಿತು. ಬಾಯಿ ತೆರೆದು ಒಂದು ಮಾತು ಆಡಿದ್ದರೆ ಸಾಕಿತ್ತು. ‘ಸರ್, ಅದು ನಾ ತಂದ ಕಲ್ಲು.’ ಇಷ್ಟೇ. ಆದರೆ ಮೇಷ್ಟ್ರ ಕಣ್ಣು ಕೆಂಡವಾಗಿತ್ತು. ಅವರ ಸಿಟ್ಟು ತನ್ನ ಮೇಲೆ ತಿರುಗುತ್ತದೆ ಎಂದು ಅಂಜಿದಳು. ಒಂದು ನಿಮಿಷ ಹೋಗಲಿ, ಸ್ವಲ್ಪ ತಣ್ಣಗಾಗಲಿ ಎಂದುಕೊಂಡಳು. ಆ ಅಂಜಿಕೆಯ ಅಡಿಯಲ್ಲಿ ಇನ್ನೊಂದಿತ್ತು, ಅದನ್ನೂ ಹೇಳಿಬಿಡುತ್ತೇನೆ. ಹೈದರಾಬಾದು ಇವಳಿಗೂ ತಪ್ಪಿತಲ್ಲ ಎನ್ನುವ ಒಂದು ಹಾಳು ಸಮಾಧಾನ. ಪ್ರಿಯಾ ಮೇಷ್ಟ್ರನ್ನು ಬಿಟ್ಟು ಸುಮಲತಾಳನ್ನೇ ನೋಡುತ್ತಿದ್ದಳು. ಸುಮಲತಾ ಬಗ್ಗಿ ಚಪ್ಪಲಿಯೊಳಗಿನ ಹರಳು ತೆಗೆಯತೊಡಗಿದಳು. ಚಪ್ಪಲಿಯಲ್ಲಿ ಹರಳಿರಲಿಲ್ಲ.

‘ಪುಸ್ತಕದಾಗ ನೋಡಿದ್ದನ್ನ ತಂದು ನಮ್ಮ ಹೊಲದಾಗ ಬೆಳಿಯಾಕ ಹೊಂಟಿ ಏನು?’ ಎಂದರು ಮೇಷ್ಟ್ರು. ‘ನಿಮ್ಮಂಥಾರಿಗೆ ಅವಕಾಶ ಕೊಟ್ಟಿದ್ದ ನನ್ನ ತಪ್ಪು.’

ನಿಮ್ಮಂಥವರು ಎಂದರೆ ಎಂಥವರು ಅಂತ ಅಲ್ಲಿ ಯಾರೂ ಕೇಳಲಿಲ್ಲ. ಎಲ್ಲರಿಗೂ ಅರ್ಥವಾಗಿತ್ತು. ಮೈಲಪ್ಪನ ಮನೆಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಪ್ರಿಯಾಳನ್ನು ಮೇಲಿಂದ ಕೆಳಗೆ ನೋಡಿದರು. ಹಿಂದೆ ನಿಂತ ಹುಡುಗರಲ್ಲಿ ಯಾರೋ ಕಿಸಕ್ಕೆಂದರು. ಪ್ರಿಯಾ ಅಳಲಿಲ್ಲ. ಜೀಪಿಗೂ ಹತ್ತಲಿಲ್ಲ, ಹೊಲದ ಬದುವಿನ ಮೇಲೆ ನಡೆದು ಬಸ್ ನಿಲ್ಲುವ ಕಡೆಗೆ ಹೋದಳು. ಮರುದಿನ ಅವಳು ಕೆಲಸಕ್ಕೆ ಬರಲಿಲ್ಲ. ಬರಬೇಡ ಎಂದು ಮೇಷ್ಟ್ರೂ ಹೇಳಿ ಕಳಿಸಿದ್ದರು.

ಆ ಸಂಜೆ ಎಲ್ಲರೂ ಹೋದ ಮೇಲೆ ಸುಮಲತಾ ಕಪಾಟಿನಿಂದ ಆ ಚೀಲ ತೆಗೆದಳು. ಅದರಲ್ಲಿ ಇನ್ನೊಂದು ತುಂಡು ಕಲ್ಲು ಉಳಿದಿತ್ತು. ಚೀಲದ ಮೇಲೆ ಅವಳದೇ ದುಂಡು ಅಕ್ಷರ. ನಾಳೆ ಮೇಷ್ಟ್ರಿಗೆ ತೋರಿಸುತ್ತೇನೆ ಎಂದುಕೊಂಡು ಕೈಗೆತ್ತಿಕೊಂಡವಳು ಅದನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ತಿಕ್ಕಿದಳು. ಯಾಕೆ ತಿಕ್ಕಿದೆ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು. ಶಾಯಿ ಹೋಯಿತು. ಅಲ್ಲಿಯವರೆಗೆ ಅದು ಅಂಜಿಕೆ, ಅಲ್ಲಿಂದ ಮುಂದೆ ಅದು ಪಾಪ. ಅದು ಅವಳಿಗೆ ಅವತ್ತೇ ಗೊತ್ತಿತ್ತು.

ಆಮೇಲಿನ ದಿನಗಳನ್ನು ಏನೆಂದು ಹೇಳಲಿ? ಉಂಡ ಅನ್ನ ಮೈಗೆ ಹತ್ತಲಿಲ್ಲ. ಪೂಜೆಗೆ ಕೂತರೆ ಕಣ್ಣು ಮುಚ್ಚಲು ಹೆದರಿಕೆ. ಹೋಗಿ ಹೇಳಲು ಧೈರ್ಯವಿಲ್ಲ, ಹೇಳದೆ ಇರಲು ನೆಮ್ಮದಿಯಿಲ್ಲ. ನಡುವೆ ಸಣ್ಣಪುಟ್ಟ ತೇಪೆ ಹಾಕಿ ನೋಡಿದಳು. ‘ಹುಡುಗಿ ಒಳ್ಳ್ಯಾಕಿ ಅದಾಳ್ರಿ ಸರ್, ಏನೋ ತಪ್ಪಿ ಆಗಿರಬೇಕು’ ಎಂದು ಮೇಷ್ಟ್ರ ಮುಂದೆ ಎರಡು ಸಲ ಹೇಳಿದಳು. ಕೂಡ್ಲಿಗಿಯ ಪರಿಚಯದವರೊಬ್ಬರ ಖಾಸಗಿ ಶಾಲೆಯಲ್ಲಿ ಪ್ರಿಯಾಗೆ ಟೀಚರ್ ಕೆಲಸ ಸಿಗುವಂತೆ ಮರೆಯಲ್ಲಿ ನಿಂತು ಮಾತಾಡಿದಳು. ಕೆಲಸ ಸಿಕ್ಕ ಸುದ್ದಿ ಬಂದಾಗ ದೊಡ್ಡ ಉಪಕಾರ ಮಾಡಿದವಳ ಹಾಗೆ ಒಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು. ನೋಡಿ, ಮನುಷ್ಯರ ಮನಸ್ಸು ಹೀಗೂ ಇರುತ್ತದೆ.

ಬೇಸಿಗೆ ಮುಗಿಯುವ ಹೊತ್ತಿಗೆ ಮೇಷ್ಟ್ರು ಅವಳನ್ನು ತಮ್ಮ ಕೋಣೆಗೆ ಕರೆದರು.

‘ಹೈದರಾಬಾದಿನವರು ಇನ್ನೊಬ್ಬರು ಇದ್ರ ಕಳಸ್ರಿ ಅಂದಾರ. ನಿನ್ನ ಹೆಸರು ಹೇಳೀನಿ. ತಯಾರಾಗು.’

ಎಷ್ಟು ವರ್ಷ ಈ ಮಾತಿಗಾಗಿ ಕಾದಿದ್ದಳೋ. ಈಗ ಅದು ಬಂತು. ಅಲ್ಲಿ ಹೋಗಿ ಪ್ರಿಯಾ ಕೂರಬೇಕಾದ ಕುರ್ಚಿಯಲ್ಲಿ ಕೂತು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಏನು ಕಾಣುತ್ತದೆ ಎನ್ನುವುದು ಅವಳಿಗೆ ಖಂಡಿತ ಗೊತ್ತಿತ್ತು. ಎದ್ದು ಹೋಗಿ ಬಾಗಿಲು ಹಾಕಿ ಬಂದು, ನಿಂತುಕೊಂಡೇ ಎಲ್ಲ ಹೇಳಿದಳು. ಅಕ್ಕನ ಊರು, ಕಲ್ಲು, ಚೀಲ, ಸೋಪು, ಯಾವುದನ್ನೂ ಬಿಡಲಿಲ್ಲ. ಬೈಸಿಕೊಳ್ಳಲು ತಯಾರಾಗಿಯೇ ಬಂದಿದ್ದಳು. ಹೊಡೆದರೂ ಹೊಡೆಸಿಕೊಳ್ಳುತ್ತಿದ್ದಳು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಅವರ ಮುಖ ಮೆಲ್ಲಗೆ ಅರಳಿತು.

‘ಹಂಗಾದ್ರ ಆ ಎಳಿ ಖರೇವ ಅದಾವು.’

‘ಸರ್, ಪ್ರಿಯಾ...’

‘ಇರು. ಕಲ್ಲು ತಂದಾಕಿ ನೀನು. ಜಾಗ ಗೊತ್ತಿರೋದು ನಿನಗ. ನಾಳೇನ ಹೋಗೋಣು ನಿಮ್ಮಕ್ಕನ ಊರಿಗೆ. ಲೇಖನದಾಗ ನಿನ್ನ ಹೆಸರ ಮೊದಲು ಬರ್ತೈತಿ.’

‘ಪ್ರಿಯಾಗ ಏನು ಹೇಳೋದ್ರಿ ಸರ್?’

‘ಊರ ಹೆಸರಿನಾಗ ಗೊಂದಲ ಆತು ಅಂತ ಒಂದು ಕಾಗದ ಹಾಕಿದ್ರಾತು. ಆಕಿಗೂ ಈಗ ನೌಕರಿ ಸಿಕ್ಕೈತಂತಲ್ಲ.’

ತಪ್ಪು ಒಪ್ಪಿಕೊಳ್ಳಲು ಹೋದವಳ ಕೈಗೆ ಬಹುಮಾನ ಕೊಟ್ಟು ಕಳಿಸಿದ ಹಾಗಾಯಿತು. ಸುಮಲತಾ ಹೊರಗೆ ಬಂದು ಕಾರಿಡಾರಿನ ಕಟ್ಟೆಯ ಮೇಲೆ ಕೂತಳು. ಭಾರ ಇಳಿಯುತ್ತದೆ ಎಂದುಕೊಂಡಿದ್ದಳು, ಇಳಿಯಲಿಲ್ಲ. ಮರುದಿನ ಬೆಳಿಗ್ಗೆ ಮೇಷ್ಟ್ರು ಜೀಪು ಹೇಳಿ ಕಾಯುತ್ತಿದ್ದರೆ, ಅವಳು ಕೊಟ್ಟೂರು, ಕೂಡ್ಲಿಗಿ ಬಸ್ಸು ಬದಲಿಸಿ ಹೊಸಹಳ್ಳಿಯಲ್ಲಿ ಇಳಿದಳು.

ಪಕ್ಕೀರಮ್ಮ ಗಡಿಬಿಡಿಯಲ್ಲಿ ಚಾಪೆ ಹಾಸಿದಳು. ‘ಬರ್ರಿ ಅವ್ವಾರ, ಕುಂದರ್ರಿ. ಪ್ರಿಯಾ ಬಟ್ಟಿ ಒಣಗ್ಹಾಕಾಕ ಮ್ಯಾಲೆ ಹೋಗ್ಯಾಳ, ಈಗ ಬರ್ತಾಳ. ಇವತ್ತು ಸಾಲಿ ಸೂಟಿ.’ ಮಗಳು ಯಾಕೆ ಕೆಲಸ ಬಿಟ್ಟಳೆಂದು ಅವಳಿಗೆ ಏನೂ ಗೊತ್ತಿದ್ದಂತೆ ಕಾಣಲಿಲ್ಲ. ಸ್ಟೋವ್ ಹೊತ್ತಿಸಿ ಚಹಾಕ್ಕಿಟ್ಟಳು, ಒಳ್ಳೆಯ ಕಪ್ಪು ಹುಡುಕಿ ಎರಡೆರಡು ಸಲ ತೊಳೆದಳು. ಅವಳು ಅಷ್ಟೊಂದು ತೊಳೆಯುವುದು ಯಾಕೆಂದು ಸುಮಲತಾಗೆ ತಿಳಿಯಿತು. ಕೊಟ್ಟೂರಿನ ತನ್ನ ಮನೆಯವರು ಈ ಕೇರಿಯಲ್ಲಿ ನೀರು ಸಹ ಮುಟ್ಟಿದವರಲ್ಲ. ನಾನು ಕುಡಿಯುತ್ತೇನೆ, ಇಂದು ಕುಡಿದೇ ಹೋಗುತ್ತೇನೆ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು. ಹಾಗೆ ಅಂದುಕೊಂಡಾಗ ತನ್ನ ಬಗ್ಗೆ ತನಗೇ ಸ್ವಲ್ಪ ಒಳ್ಳೆಯ ಭಾವನೆ ಬಂತು.

ಪ್ರಿಯಾ ಬಂದು ಬಾಗಿಲ ಹತ್ತಿರ ನಿಂತಳು. ಸುಮಲತಾ ಮುಂಚೆಯೇ ಮಾತು ಜೋಡಿಸಿಕೊಂಡು ಬಂದಿದ್ದಳು, ಒಂದೂ ನೆನಪಿಗೆ ಬರಲಿಲ್ಲ. ‘ಆ ಕಲ್ಲು ನಂದು, ಪ್ರಿಯಾ’ ಎಂದಳು. ‘ನಮ್ಮಕ್ಕನ ಅರಸೀಕೆರಿಯಿಂದ ನಾನ ತಂದಿದ್ದೆ.’

‘ಗೊತ್ತೈತ್ರಿ.’

‘ಯಾವಾಗ ಗೊತ್ತಾತು?’

‘ಅವತ್ತ. ಚೀಲ ಅಂದ ಕೂಡ್ಲೆ ನಿಮ್ಮ ಮುಖದ ಬಣ್ಣ ಹೋತು. ನಾ ನಿಮ್ಮನ್ನ ನೋಡಿಕೋತ ನಿಂತಿದ್ನಲ್ರಿ.’

‘ಮತ್ತ ಯಾಕ ಹೇಳ್ಲಿಲ್ಲ?’

‘ನಾ ಹೇಳಿದ್ರ ಯಾರು ನಂಬ್ತಿದ್ರು ಸುಮಕ್ಕ? ತಾ ಮಾಡಿದ್ದನ್ನ ಆಕಿ ಮ್ಯಾಲ ಹಾಕಾಕತ್ಯಾಳ ಅಂತಿದ್ರು. ನೀವು ಹೇಳಿದ್ರ ಒಂದ ಮಾತಿಗೆ ಮುಗೀತಿತ್ತು. ಹೇಳ್ತೀರಿ ಅಂತ ಕಾಯ್ದೆ. ಬಸ್ಸು ಬರೋಮಟಾನೂ ಕಾಯ್ದೆ.’

ಸುಮಲತಾಳ ಕಣ್ಣಲ್ಲಿ ನೀರು ಬಂತು. ಅವಸರದಲ್ಲಿ, ಮಗು ಪಾಠ ಒಪ್ಪಿಸುವ ಹಾಗೆ ಹೇಳಿದಳು. ‘ನಿನ್ನೆ ಸರ್ ಮುಂದ ಎಲ್ಲಾ ಹೇಳೀನಿ. ಚೀಲ ತೊಳದಿದ್ದೂ ಹೇಳೀನಿ. ನಿನ್ನ ಹೆಸರ ಮೊದಲು ಹಾಕಸ್ತೀನಿ. ಹೈದರಾಬಾದಿಗೆ ನಾ ಹೋಗಾಂಗಿಲ್ಲ, ನೀ ಹೋಗು.’

ಪ್ರಿಯಾ ಎಲ್ಲ ಕೇಳಿದಳು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಸುಮಲತಾಗೆ ಹಗುರವಾಗುತ್ತಿತ್ತು.

‘ಸರ್‌ಗೆ ಎಲ್ಲಿ ಹೇಳಿದ್ರಿ?’

‘ಅವರ ರೂಮಿನಾಗ.’

‘ಬಾಗಲ ಹಾಕಿತ್ತೋ, ತೆರದಿತ್ತೋ?’

ಸುಮಲತಾ ತಲೆ ತಗ್ಗಿಸಿದಳು. ‘ಹಾಕಿತ್ತು.’

‘ನನ್ನ ಬೈದಿದ್ದು ಬಯಲಾಗ ರೀ’ ಎಂದಳು ಪ್ರಿಯಾ.

ಸ್ಟೋವಿನ ಮೇಲೆ ಚಹಾ ಉಕ್ಕಿ ಬಂತು. ಪಕ್ಕೀರಮ್ಮ ಏನೂ ತಿಳಿಯದೆ ಇಬ್ಬರನ್ನೂ ನೋಡುತ್ತ, ಇಕ್ಕಳ ಹಿಡಿದು ಪಾತ್ರೆ ಇಳಿಸಿ ಕಪ್ಪಿಗೆ ಬಗ್ಗಿಸಲು ಹೋದಳು. ಪ್ರಿಯಾ ತಾಯಿಯ ಕೈ ಮೇಲೆ ಕೈಯಿಟ್ಟು ತಡೆದಳು.

‘ಇರ್ಲಿ ಬಿಡಬೇ, ಸುಮಕ್ಕ ಈಗ ಕುಡಿಯಂಗಿಲ್ಲ.’ ಆಮೇಲೆ ಇತ್ತ ತಿರುಗಿ, ಮೊದಲಿನ ಹಾಗೇ ಮರ್ಯಾದೆಯಿಂದ ಹೇಳಿದಳು. ‘ಮೈಲಪ್ಪನ ಮನಿ ಹೆಣಮಕ್ಕಳಿಗೆ ಹೇಳ್ರಿ. ಆ ಹುಡುಗರನ್ನ ನಿಂದರಿಸಿ ಹೇಳ್ರಿ. ನನಗ ಬೈದದ್ದನ್ನ ಕೇಳ್ದಾರೆಲ್ಲಾ ಇದನ್ನೂ ಕೇಳ್ಲಿ. ಆಮ್ಯಾಲೆ ಬರ್ರಿ, ನಾನ ಚಾ ಮಾಡಿ ಕೊಡ್ತೀನಿ.’

ಪಕ್ಕೀರಮ್ಮನಿಗೆ ಮುಖ ಸಣ್ಣದಾಯಿತು. ಮನೆಗೆ ಬಂದವರನ್ನು ಹೀಗೆ ಕಳಿಸಿ ಅವಳಿಗೆ ಗೊತ್ತಿಲ್ಲ. ಮಗಳ ಮುಖವನ್ನು ಇನ್ನೊಮ್ಮೆ ನೋಡಿದಳು. ಅಲ್ಲಿ ಏನು ಕಂಡಿತೋ, ಪಾತ್ರೆಗೆ ತಟ್ಟೆ ಮುಚ್ಚಿ, ಸ್ಟೋವಿನ ಗಾಳಿ ಬಿಟ್ಟಳು. ಉರಿ ಆರಿತು. ಸುಮಲತಾ ಎದ್ದು ‘ಹೋಗಿ ಬರ್ತೀನಿ’ ಎಂದಳು. ಬರುತ್ತೇನೆ ಎಂದದ್ದಕ್ಕೆ ಪ್ರಿಯಾ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ.